ಹದಿನಾಲ್ಕು

ಗ್ರಿಮ್ಸ್‌ಬಿಯ ಹಡಗುಕಟ್ಟೆಯಲ್ಲಿ ಮೀನಿಗೆ ಹೊಗೆ ಕೊಡುತ್ತಾರೆ.
ಸಂಜೆ ತೂಗುಹಾಕಿ, ಮರದ ಹೊಟ್ಟು ಹೊತ್ತಿಸಿ,
ಬಾಗಿಲೆಳೆದುಕೊಂಡು ಬಂದರೆ
ಬೆಳಿಗ್ಗೆಗೆ ಹೊಂಬಣ್ಣ.
ಹೊಗೆ ಕುಡಿದದ್ದು ಕೆಡುವುದಿಲ್ಲ.
ಅದು ಮೀನಿನ ಮಾತು.

ಕಾರ್ಲೀನ್ ಅಲ್ಲಿ ಹ್ಯಾಡಕ್ ಸೀಳುವವಳು.
ಇಪ್ಪತ್ತಮೂರು ವರ್ಷ, ಐದು ತಿಂಗಳು ತುಂಬಿದೆ,
ಎಷ್ಟು ತೊಳೆದರೂ ಬೆರಳಲ್ಲಿ ಮೀನು.
ನಾನು ಸೂಲಗಿತ್ತಿ. ಮೊರೀನ್ ಅಂತ ಎದೆಯ ಬಿಲ್ಲೆಯಲ್ಲಿದೆ.
ನವೆಂಬರಿನ ಮಂಗಳವಾರ, ಒಬ್ಬೊಬ್ಬರಿಗೆ ಹತ್ತು ನಿಮಿಷ.
ಅಂಗೈಯಗಲದ ಯಂತ್ರ ಮುಂದೆ ಹಿಡಿದೆ:
ಉಸಿರು ತಗೋ. ಹದಿನೈದು ಎಣಿಸುವವರೆಗೂ ಬಿಡಬೇಡ.
ಈಗ ಊದು, ಮೆಲ್ಲಗೆ, ಪೂರ್ತಿ ಖಾಲಿಯಾಗಲಿ.

ಹದಿನಾಲ್ಕು.
ಕೆಂಪು ದೀಪ.

'ಬಿಟ್ಟು ಒಂಬತ್ತು ದಿನ ಆಯ್ತು' ಅಂದಳು.

ನಾನು ಬಾಯಿಪಾಠ ಒಪ್ಪಿಸಿದೆ:
ರಕ್ತದಲ್ಲಿ ಪ್ರಾಣವಾಯು ಕೂರುವ ಜಾಗದಲ್ಲಿ ಇದು ಕೂರುತ್ತದೆ,
ಕೂಸಿಗೆ ನಿನ್ನ ರಕ್ತ ಬಿಟ್ಟರೆ ಬೇರೆ ಗಾಳಿಯಿಲ್ಲ,
ತೂಕ ಕಟ್ಟುವುದಿಲ್ಲ, ದಿನ ತುಂಬುವ ಮೊದಲೇ ಬಂದುಬಿಡಬಹುದು,
ಕೆಲವು ಬಂದೂ ಅಳುವುದಿಲ್ಲ.
ಎಲ್ಲ ನಿಜ. ಒಂದಕ್ಷರ ಸುಳ್ಳಿಲ್ಲ.
ಗೊತ್ತು, ಅಂದಳು. ಮೊದಲನೆಯವನು ರೀಸ್, ನಾಲ್ಕೂವರೆ ಪೌಂಡು,
ಆಗ ದಿನಕ್ಕೆ ಹದಿನೆಂಟು ಸೇದುತ್ತಿದ್ದೆ.
ಗಾಜಿನ ಪೆಟ್ಟಿಗೆಯ ತೂತಿನಲ್ಲಿ ಕೈಹಾಕಿ ಹನ್ನೊಂದು ದಿನ
ಅವನ ಪಾದ ಹಿಡಿದುಕೊಂಡು ಕೂತಿದ್ದೆ.
ನನ್ನ ಹೆಬ್ಬೆರಳಿನಷ್ಟಿತ್ತು.

ಫ್ಯಾಕ್ಟರಿಯಲ್ಲಿ ಸೇದುವವರಿಗೆ ಐದು ನಿಮಿಷ ಬಿಡುವಿದೆಯಂತೆ.
ಸೇದದವಳು ಸುಮ್ಮನೆ ಹೊರಗೆ ನಿಂತರೆ
ಮೇಸ್ತ್ರಿ ಗಡಿಯಾರ ನೋಡುತ್ತಾನಂತೆ.
ಬಸ್‌ಸ್ಟಾಪಿನಲ್ಲಿ ಒಬ್ಬ ಮುದುಕಿ
ಇವಳ ಹೊಟ್ಟೆ ನೋಡಿ, ಬಾಯಿ ನೋಡಿ, ಥೂ ಅಂದಳಂತೆ.
ಬಾಯಲ್ಲಿದ್ದದ್ದು ಪೆನ್ನಿನ ಮುಚ್ಚಳ.
ಮನೆಯಲ್ಲಿ ಬೇರೆ ಯಾರು ಸೇದುತ್ತಾರೆ?
'ಯಾರಿದ್ದಾರೆ? ಡೀನ್ ಹೋಗಿ ಆಯ್ತಲ್ಲ.'

ಹೂಂ ಹೂಂ ಅನ್ನುತ್ತಲೇ ಬರೆದೆ:
ಸೇದುತ್ತಿಲ್ಲ ಎನ್ನುತ್ತಾಳೆ.
ಆ 'ಎನ್ನುತ್ತಾಳೆ' ಇದೆಯಲ್ಲ,
ಹ್ಯಾಡಕ್ ಸೀಳುವ ಚೂರಿಗಿಂತ ಸಣ್ಣದು, ಸಲೀಸು.

ಕಡತ ಕೈಯಿಂದ ಕೈಗೆ ಹೋಯಿತು.
ಕೌನ್ಸಿಲ್‌ನಿಂದ ಇಬ್ಬರು ಬಂದು ಫ್ರಿಜ್ ತೆಗೆದು ನೋಡಿದರು,
ರೀಸನ ಹೊದಿಕೆ ಮೂಸಿದರು.
ಬೆಂಕಿಯಿಲ್ಲದೆ ಹೊಗೆಯಾಡೀತೆ, ಅಂದಳು ನನ್ನ ಜೊತೆಯವಳು.
ನಾನೂ ಚಹಾ ಕದಡುತ್ತ ತಲೆಯಾಡಿಸಿದೆ.

ಮುಂದಿನ ಸಲ ಹದಿನಾರು. ಅದರ ಮುಂದಿನ ಸಲ ಹತ್ತೊಂಬತ್ತು.
ಚಳಿ ಏರಿದ ಹಾಗೆಲ್ಲ ಅಂಕಿ ಏರಿತು.
ಕಾಣಬೇಕಿತ್ತು ನನಗೆ.

ಫೆಬ್ರವರಿಯಲ್ಲಿ ರೀಸ್ ಅಡಿಗೆಮನೆಯಲ್ಲಿ ಕುಸಿದ.
ಐದು ವರ್ಷದವನು, ಕೆನ್ನೆ ಮಾತ್ರ ಗುಲಾಬಿ.
ಆಂಬುಲೆನ್ಸಿನವನ ಸೊಂಟದ ಯಂತ್ರ
ಹೊಸ್ತಿಲಲ್ಲೇ ಕಿರುಚಿಕೊಂಡಿತು.
ಗೋಡೆಯ ಬಾಯ್ಲರಿನಲ್ಲಿ
ನೀಲಿ ಇರಬೇಕಾದ ಉರಿ ಹಳದಿ,
ಕೊಳವೆಯೊಳಗೆ ಹೋದ ಬೇಸಿಗೆಯ ಹಕ್ಕಿಗೂಡು.
ನೀರು ಸರಿಯಾಗಿ ಕಾಯುತ್ತಿಲ್ಲವೆಂದು
ಮನೆ ಓನರಿಗೆ ಮೂರು ಸಲ ಫೋನು ಮಾಡಿದ್ದಳು.
ಬೆಂಕಿಯೇನೋ ಇತ್ತು.
ಹೊಗೆಯೇ ಇರಲಿಲ್ಲ.

ರೀಸ್ ಉಳಿದ. ಅದೇ ವಾರ, ಮೂವತ್ತೈದಕ್ಕೇ, ಹೆಣ್ಣುಮಗು.
ನಾಲ್ಕು ಪೌಂಡು, ನನ್ನ ಕೈಗೇ ಬಂತು.
ಎಷ್ಟು ಹಳೆಯ ಸಿಗರೇಟಿನದು, ಎಷ್ಟು ಬಾಯ್ಲರಿನದು,
ಎಷ್ಟು ದಿನವಿಡೀ ನಿಂತೇ ಇದ್ದದ್ದರದು,
ತಕ್ಕಡಿ ಹೇಳುವುದಿಲ್ಲ.
ಕಾರ್ಲೀನ್ ಸಿಟ್ಟಾಗಲಿಲ್ಲ.
'ನೀನು ಬರೆದದ್ದನ್ನ ಅಳಿಸೋಕಾಗುತ್ತಾ?' ಅಂತಷ್ಟೇ ಕೇಳಿದಳು.
ಆಗುವುದಿಲ್ಲ. ಕೆಳಗೆ ಒಂದು ಸಾಲು ಸೇರಿಸಬಹುದು,
ತಾರೀಕು ಹಾಕಿ.

ಈಗಲೂ ಮಂಗಳವಾರ ಯಂತ್ರ ಹಿಡಿಯುತ್ತೇನೆ.
ಬಾಯಿಪಾಠ ಅದೇ, ಅದು ಈಗಲೂ ನಿಜ.
ಆದರೆ ಅಂಕಿ ಮೂಡಿದ ಮೇಲೆ
ನಾನೂ ಉಸಿರು ಹಿಡಿದು ಹದಿನೈದು ಎಣಿಸುತ್ತೇನೆ.
ಆಮೇಲೆ ಮೊದಲ ಮಾತು:
ನಿನ್ನ ಮನೆಯ ಉರಿ
ಯಾವ ಬಣ್ಣ?